ಪಾರ್ಲರ್ ಟ್ವೈಲಾಳ ರಾಕೆಟ್ ಡಬ್ಬಿ

ಟ್ವೈಲಾ ಉನ್ರೂ ನಗಲು ಶುರುಮಾಡಿದರೆ ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಪಾದ್ರಿ ಒಮ್ಮೆ ಸೀನಿದರೂ ಸಾಕು, ಅವಳು ಕುಳಿತ ಬೆಂಚೇ ಅಲುಗಾಡತೊಡಗುತ್ತಿತ್ತು. ಕ್ಯಾನ್ಸಸ್ ಬಯಲಿನ ಬರ್ಗ್‌ಟಾಲ್ ಊರಿನಲ್ಲಿ ಹೆಂಗಸರ ತಲೆಗೂದಲಿಗೆ ಇದ್ದದ್ದು ಅವಳದೊಂದೇ ಪಾರ್ಲರ್. ಗಂಡ ಡ್ಯಾರೆಲ್ ಗೋಧಿ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಬಾಗಿಲಲ್ಲಿ ಓರೆಯಾಗಿ ನುಸುಳಬೇಕಾದಷ್ಟು ದೊಡ್ಡ ಆಳು. ಮಕ್ಕಳು ಮದುವೆಯಾಗಿ ತಮ್ಮ ತಮ್ಮ ಮನೆಗಳಲ್ಲಿದ್ದರು. ಇನ್ನೇನಿದ್ದರೂ ಹೊದಿಕೆ ಹೊಲಿಯುತ್ತ, ಟೊಮ್ಯಾಟೊ ಗಿಡಕ್ಕೆ ನೀರು ಬಿಡುತ್ತ ಇರಬೇಕಾದ ವಯಸ್ಸಿನಲ್ಲಿ ಅವಳು ರಾಕೆಟ್ಟಿನ ಸಹವಾಸಕ್ಕೆ ಬಿದ್ದಳು.

ಬಿದ್ದದ್ದು ಹೀಗೆ. ಊರಾಚೆಯ ದನದ ಹುಲ್ಲುಗಾವಲಿನಲ್ಲಿ ರಾಕೆಟ್ ಸಂಘದವರು ಆಗಾಗ ಸೇರುತ್ತಿದ್ದರು. ಆಳೆತ್ತರದ, ಕೆಲವೊಮ್ಮೆ ಅದಕ್ಕೂ ಎತ್ತರದ ರಾಕೆಟ್‌ಗಳನ್ನು ಮನೆಯಲ್ಲೇ ಮಾಡಿ ತಂದು ಹಾರಿಸುವ ಜನ. ಅಲ್ಲಿ ಚರ್ಚಿನ ಹೆಂಗಸರು ಬೀನ್ಸ್ ಹಾಕಿದ ಚಿಲಿ ಸಾರು, ದಾಲ್ಚಿನ್ನಿ ರೋಲು ಮಾರುತ್ತಿದ್ದರು. ಆ ಸಲ ರೋಲಿನ ತಟ್ಟೆ ಹಿಡಿದು ನಿಂತಿದ್ದವಳು ಟ್ವೈಲಾ. ಅವಳ ಬೆನ್ನ ಹಿಂದೆ ಒಂದು ರಾಕೆಟ್ ಬುಸ್ಸೆಂದು ಎದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಆಕಾಶದಲ್ಲಿ ಸೂಜಿಮೊನೆಯಾಯಿತು. ತಟ್ಟೆ ಕೆಳಗೆ ಬಿತ್ತು. ಟ್ವೈಲಾ ಹುಲ್ಲಿನ ಮೇಲೆ ಕುಸಿದು ಕುಳಿತು, ಮುಖ ಮುಚ್ಚಿಕೊಂಡು ಅಲುಗಾಡತೊಡಗಿದಳು.

ಸಂಘದ ಹಿರಿಯ ಎಲ್ಡನ್ ಗರ್ಟ್ಸ್ ಓಡಿಬಂದ. ಗ್ಯಾಸ್ ಟ್ಯಾಂಕರ್ ಓಡಿಸಿ ನಿವೃತ್ತನಾದ ಮನುಷ್ಯ, ಎಂಥ ಹೊತ್ತಿನಲ್ಲೂ ಗಂಭೀರ.

"ಯಾಕಮ್ಮಾ, ಹೆದರಿಕೊಂಡ್ಯಾ? ಅಳಬೇಡ, ಅಳಬೇಡ."

"ಅಳ್ತಿಲ್ಲ ಎಲ್ಡನ್," ಅವಳು ಕಣ್ಣೊರೆಸಿಕೊಂಡಳು. ನಗುವಿನಿಂದ ಮಾತೇ ಹೊರಡುತ್ತಿರಲಿಲ್ಲ. "ಇನ್ನೊಂದು ಬಿಡಿ! ದಮ್ಮಯ್ಯ, ಇನ್ನೊಂದು ಬಿಡಿ!"

ಮುಂದಿನ ವಸಂತದಲ್ಲಿ ಅವಳದೇ ರಾಕೆಟ್ ಹಾರಿತು. ದೊಡ್ಡ ರಾಕೆಟ್ ಹಾರಿಸಲು ಸಂಘ ನಡೆಸುವ ಪರೀಕ್ಷೆಗಳಲ್ಲಿ ಮೊದಲ ದರ್ಜೆಯದನ್ನು ಅದರಲ್ಲೇ ಪಾಸು ಮಾಡಿಕೊಂಡಳು. ಎರಡನೆಯ ಸಲ ಹಾರಿಸಿದಾಗ ಅದರ ಒಂದೇ ಒಂದು ದೊಡ್ಡ ಪ್ಯಾರಾಚೂಟ್ ಆಕಾಶದ ತುದಿಯಲ್ಲೇ ಬಿಚ್ಚಿಕೊಂಡಿತು. ಕ್ಯಾನ್ಸಸ್ಸಿನ ಗಾಳಿ ಬಿಡುತ್ತದೆಯೇ? ರಾಕೆಟ್ಟನ್ನು ತೇಲಿಸಿಕೊಂಡು ಹುಲ್ಲುಗಾವಲು ದಾಟಿಸಿ, ಹೆದ್ದಾರಿ ದಾಟಿಸಿ, ದಕ್ಷಿಣಕ್ಕೆ ಹೊರಟಿದ್ದ ಗೂಡ್ಸ್ ರೈಲಿನ ತೆರೆದ ಬೋಗಿಯೊಳಗೆ ಮೆಲ್ಲಗೆ, ಅಮ್ಮ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ, ಇಳಿಸಿತು. ಟ್ವೈಲಾ ಬೇಲಿಯ ಮೇಲೆ ಹತ್ತಿ ನಿಂತು ರೈಲು ಮರೆಯಾಗುವ ತನಕ ಕೈಬೀಸಿದಳು.

"ಟೆಕ್ಸಸ್‌ಗೆ ಹೋಯ್ತು ಕಣೋ ಡ್ಯಾರೆಲ್! ಟಿಕೆಟ್ಟೂ ಇಲ್ಲದೆ!"

"ನಗ್ತೀಯಲ್ಲೇ! ಇಡೀ ಚಳಿಗಾಲ ಕೂತು ಮಾಡಿದ್ದು."

"ಮತ್ತೇನು ಮಾಡ್ಲಿ, ರೈಲಿನ ಹಿಂದೆ ಓಡ್ಲಾ?"

ಆಗ ಎಲ್ಡನ್ ಹೇಳಿದ: "ಮೇಲೆ ಒಂದು ಚಿಕ್ಕ ಪ್ಯಾರಾಚೂಟ್ ಬಿಚ್ಚಬೇಕು, ಸರ್ರಂತ ಇಳಿಯೋ ಹಾಗೆ. ನೆಲ ಹತ್ರ ಬಂದಾಗ ದೊಡ್ಡದು. ಗಾಳಿಗೆ ಕದಿಯೋಕೆ ಪುರುಸೊತ್ತೇ ಸಿಗಬಾರದು. ಅದಕ್ಕೆ ರಾಕೆಟ್ಟಿನ ಹೊಟ್ಟೆಯೊಳಗೆ ಯಂತ್ರದ ಗೂಡು ಕಟ್ಟಬೇಕು. ಎರಡನೇ ದರ್ಜೆ ಪರೀಕ್ಷೆಗೂ ಅದನ್ನೇ ತಗೊಂಡು ಬಾ."

ಅವನು ಗೂಡು ಅಂದದ್ದನ್ನು ಟ್ವೈಲಾ ಡಬ್ಬಿ ಎಂದಳು. ಆಮೇಲೆ ಊರೆಲ್ಲ ಡಬ್ಬಿ ಎಂದೇ ಕರೆಯಿತು. ಪಾರ್ಲರಿನ ಹಿಂದಿನ ಮೇಜಿನ ಮೇಲೆ, ಬಣ್ಣದ ಟ್ಯೂಬು, ಸುರುಳಿ ಸುತ್ತುವ ಕಡ್ಡಿಗಳ ನಡುವೆ ಅದು ಬೆಳೆಯಿತು. ಹಿಟ್ಟಿನ ಡಬ್ಬದಷ್ಟು ಉದ್ದದ ರಟ್ಟಿನ ಕೊಳವೆ; ಎರಡೂ ಕಡೆ ಪ್ಲೈವುಡ್ ಮುಚ್ಚಳ; ಮುಚ್ಚಳದಿಂದ ಮುಚ್ಚಳಕ್ಕೆ ಹಾಯುವ ಸ್ಕ್ರೂವಿನಂತೆ ಮೈತುಂಬ ತಿರುಪು ಕೊರೆದ ಎರಡು ಕಂಬಿ; ಕಂಬಿಗಳ ಮೇಲೆ ಜಾರಿ ಕೂರುವ ಒಂದು ಹಲಗೆ. ಹಲಗೆಯ ಮೇಲೆ ಬ್ಯಾಟರಿ, ಮತ್ತೆ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆಲ್ಟಿಮೀಟರ್. ಅದೇ ಹೊತ್ತು ನೋಡಿ ಒಂದು ಚಿಟಿಕೆ ಸಿಡಿಮದ್ದಿಗೆ ಕಿಡಿ ಮುಟ್ಟಿಸಿ ಪ್ಯಾರಾಚೂಟನ್ನು ಹೊರಗೆ ತಳ್ಳುವುದು.

ತಲೆಗೆ ಸುರುಳಿ ಸುತ್ತಿಸಿಕೊಂಡು ಒಣಗಿಸುವ ಯಂತ್ರದ ಕೆಳಗೆ ಕುಳಿತ ಹೆಂಗಸರಿಗೆಲ್ಲ ಅವಳು ಅಂಟು ಕಲಸುವ ಕೆಲಸ ಕೊಟ್ಟಳು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಬರ್ನಡೀನ್ ಷ್ಮಿಟ್. ಎಂಬತ್ತು ದಾಟಿದ ಮುದುಕಿ, ಗಂಡನಿಲ್ಲ, ಬಾಯಿಗೆ ಬೀಗವಿಲ್ಲ.

"ಈ ಹೊಸ ರಾಕೆಟ್ಟಿಗೆ ನನ್ನ ಹೆಸರಿಡು ಮಗಳೇ," ಎಂದಳು ಒಂದು ದಿನ. "ಇಡದಿದ್ರೆ ಬೇರೆ ಪಾರ್ಲರಿಗೆ ಹೋಗ್ತೀನಿ."

"ಬೇರೆ ಪಾರ್ಲರ್ ಎಲ್ಲಿದೆ ಬರ್ನಡೀನ್?"

"ಇಲ್ಲ ಅಂತ ನನಗೂ ಗೊತ್ತು. ಆದ್ರೂ ಇಡು."

ಹೆಸರಿಟ್ಟಾಯಿತು. ರಾಕೆಟ್ಟಿನ ಮೈಗೆ ಅದೇ ಮುದುಕಿಯ ಬಿಳಿಗೂದಲಿಗೆ ಪಾರ್ಲರಿನಲ್ಲಿ ಕೊಡುತ್ತಿದ್ದ ನೇರಳೆ ಛಾಯೆಯನ್ನೇ ಬಳಿದದ್ದೂ ಆಯಿತು.

ಪಟ್ಟಿಗಳ ವಿಷಯಕ್ಕೆ ಬಂದಾಗ ಎಲ್ಡನ್ ಮೂಗು ಮುರಿದ. ರಾಕೆಟ್ಟಿನ ಮೂತಿ, ಬಾಲ, ಎರಡು ಪ್ಯಾರಾಚೂಟ್, ಎಲ್ಲವೂ ಡಬ್ಬಿಯ ಎರಡು ಮುಚ್ಚಳಗಳಿಗೆ ಕಟ್ಟಿದ ಉದ್ದನೆಯ ನೈಲಾನ್ ಪಟ್ಟಿಗಳಲ್ಲೇ ಜೋತಾಡಬೇಕು. ಟ್ವೈಲಾ ಪಟ್ಟಿ ಕಟ್ಟಲು ಮುಚ್ಚಳಕ್ಕೆ ಹಾಕಿದ್ದು ದಪ್ಪ ತಂತಿಯ ತುದಿಯನ್ನು ಉಂಗುರದಂತೆ ಬಗ್ಗಿಸಿದ ಸಾದಾ ಬೋಲ್ಟು.

"ಇದು ಹೂಕುಂಡ ತೂಗುಹಾಕೋಕೆ ಸರಿ," ಎಂದ ಎಲ್ಡನ್. "ಪ್ಯಾರಾಚೂಟ್ ಫಟ್ಟಂತ ಬಿಚ್ಚಿದಾಗ ಎಂಥ ಎಳೆತ ಗೊತ್ತಾ? ಉಂಗುರ ಬಾಯಿ ಬಿಡತ್ತೆ."

"ಬಿಡಲ್ಲ."

"ಬಿಡತ್ತೆ."

"ಹಾಗಿದ್ರೆ ನೋಡೇಬಿಡೋಣ. ಡ್ಯಾರೆಲ್! ಬಾ ಇಲ್ಲಿ!"

ಮನೆಯ ಗ್ಯಾರೇಜಿನ ತೊಲೆಗೆ ಮೇಲಿನ ಪಟ್ಟಿ ಕಟ್ಟಿದರು. ಕೆಳಗಿನ ಪಟ್ಟಿಗೆ ಮಣೆ ಸಿಕ್ಕಿಸಿ ಉಯ್ಯಾಲೆ ಮಾಡಿದರು. ನಡುವೆ ಡಬ್ಬಿ. ಡ್ಯಾರೆಲ್ ಅದನ್ನೂ ನೋಡಿದ, ಹೆಂಡತಿಯನ್ನೂ ನೋಡಿದ.

"ನಾನ್ಯಾಕೆ ಕೂರಬೇಕು?"

"ಊರಲ್ಲಿ ನಿನ್ನಷ್ಟು ಭಾರ ಇನ್ಯಾರಿದಾರೋ, ಬಂಗಾರ?"

ಹೊಗಳಿಕೆಯೆಂದೇ ತಿಳಿದು ಅವನು ಕುಳಿತ. ಒಂದು ಗಳಿಗೆ ತೂಗಿದ. ಮುಖದಲ್ಲಿ ನಗೆ ಮೂಡುವಷ್ಟರಲ್ಲಿ ಕೆಳಮುಚ್ಚಳದ ಉಂಗುರ ಕರ್ರನೆ ಬಾಯಿಬಿಟ್ಟಿತು. ಡ್ಯಾರೆಲ್ ಕೆಳಗಿದ್ದ ಹುಲ್ಲಿನ ಪಿಂಡಿಯ ಮೇಲೆ ಧೊಪ್ಪನೆ ಕುಳಿತ. ಗೋಡೆಗೆ ನೇತುಹಾಕಿದ್ದ ಗುದ್ದಲಿ, ಸಲಿಕೆಗಳೆಲ್ಲ ಒಟ್ಟಿಗೇ ಗಲಗಲ ಎಂದವು. ಟ್ವೈಲಾ ಕಾರಿನ ಬಾನೆಟ್ ಹಿಡಿದುಕೊಂಡು ಬಾಗಿದಳು, ಉಸಿರಾಡುವುದಕ್ಕೂ ಆಗುತ್ತಿಲ್ಲ. ಎಂದೂ ನಗದ ಎಲ್ಡನ್ ಗೋಡೆಯ ಕಡೆ ತಿರುಗಿ ನಿಂತ. ಹಿಂದಿನಿಂದ ನೋಡಿದರೆ ಕೆಮ್ಮುತ್ತಿರುವಂತೆ ಕಾಣುತ್ತಿತ್ತು.

"ನಗ್ರೀ, ನಗ್ರೀ," ಎಂದ ಡ್ಯಾರೆಲ್ ಪ್ಯಾಂಟು ಕೊಡವಿಕೊಳ್ಳುತ್ತ. "ಉಂಗುರ ಹೋಯ್ತು. ಮುಂದಿನದ್ದು ಹಾಕಿ. ನಾನು ಮತ್ತೆ ಕೂರ್ತೀನಿ. ಮಜವಾಗಿತ್ತು."

ಈ ಸಲ ಮುಚ್ಚಳಗಳಿಗೆ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿದ, ಅದರ ಎರಡೂ ಕಾಲು ತೂರಿ, ಹಿಂದೆ ಉಕ್ಕಿನ ಪಟ್ಟಿ ಇಟ್ಟು ನಟ್ಟು ಬಿಗಿಯುವ ಯು-ಬೋಲ್ಟು ಹಾಕಿದರು. ನಟ್ಟುಗಳ ಮೇಲೆ ಅಂಟು ಸುರಿದರು. ಅಂಟು ಗಟ್ಟಿಯಾಗುವ ತನಕ ಡ್ಯಾರೆಲ್ ಚಡಪಡಿಸಿದ. ಆಮೇಲೆ ಮಣೆಯ ಮೇಲೆ ಕುಳಿತವನು ಊಟಕ್ಕೆ ಕರೆದರೂ ಇಳಿಯಲಿಲ್ಲ. ಯು-ಬೋಲ್ಟು ಕಿಂಚಿತ್ತೂ ಕದಲಲಿಲ್ಲ.

ಇನ್ನು ಆಲ್ಟಿಮೀಟರಿಗೆ ಬುದ್ಧಿ ನೆಟ್ಟಗಿದೆಯೇ ನೋಡಬೇಕಿತ್ತು. ಒಂದು ಶುಕ್ರವಾರ, ಪಾರ್ಲರ್ ತುಂಬಿದ್ದಾಗ, ಟ್ವೈಲಾ ಅದನ್ನು ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿಯೊಳಗಿಟ್ಟಳು. ಮದ್ದಿನ ಬದಲು ಎರಡು ಕ್ರಿಸ್‌ಮಸ್ ದೀಪ ಜೋಡಿಸಿದಳು: ಚಿಕ್ಕ ಪ್ಯಾರಾಚೂಟಿಗೆ ಕೆಂಪು, ದೊಡ್ಡದಕ್ಕೆ ಹಸಿರು. ಮುಚ್ಚಳದ ತೂತಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಒತ್ತಿ ಹಿಡಿದಳು.

"ಗಾಳಿ ಎಳೆದ್ರೆ ಇದು ತಾನು ಮೇಲೆ ಹೋಗ್ತಿದೀನಿ ಅಂದ್ಕೊಳತ್ತೆ. ಬಿಟ್ರೆ ಇಳೀತಿದೀನಿ ಅಂದ್ಕೊಳತ್ತೆ."

"ಮೋಸ ಮಾಡೋದು," ಎಂದಳು ಬರ್ನಡೀನ್, ಖುಷಿಯಾಗಿ.

ಕ್ಲೀನರ್ ಗುಂಯ್ ಎಂದಿತು. ಸುರುಳಿ ಸುತ್ತಿದ ತಲೆಗಳೆಲ್ಲ ಜಾಡಿಯ ಸುತ್ತ ಸೇರಿದವು. ಟ್ವೈಲಾ ಕ್ಲೀನರ್ ಆರಿಸಿ ಕೊಳವೆಯನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಫಕ್ಕನೆ ಕೆಂಪು ದೀಪ ಹತ್ತಿತು! ಹೆಂಗಸರು ಹೋ ಎಂದು ಕಿರುಚಿದರು. ಗಾಳಿ ಇನ್ನಷ್ಟು ಒಳಗೆ ನುಗ್ಗುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದರು. ಹಸಿರು ದೀಪ!

"ನಾನು ಇಳಿದೆ! ನಾನು ಇಳಿದೆ!" ಎಂದು ಬರ್ನಡೀನ್ ಚಪ್ಪಾಳೆ ತಟ್ಟಿದಳು. ಆ ಗಲಾಟೆಯಲ್ಲಿ ಒಬ್ಬಾಕೆಯ ತಲೆಗೆ ಹಚ್ಚಿದ್ದ ಬಣ್ಣ ತೊಳೆಯುವುದು ಮರೆತುಹೋಗಿ, ಕಂದಾಗಬೇಕಿದ್ದ ಕೂದಲು ತಾಮ್ರದ ಕೆಂಪಾಯಿತು. ಅವಳು ಕನ್ನಡಿ ನೋಡಿಕೊಂಡು, "ಇದೇ ಇರ್ಲಿ ಬಿಡು," ಎಂದಳು. ಮತ್ತೊಮ್ಮೆ ಜಾಡಿ ಹಾರಿಸಿ ಎಂದು ಮೊದಲು ಕೇಳಿದವಳೂ ಅವಳೇ.

ದೊಡ್ಡ ಪ್ಯಾರಾಚೂಟನ್ನು ಟ್ವೈಲಾ ಪಾರ್ಲರಿನ ಹಳೆಯ ನೈಲಾನ್ ಮೇಲುಹೊದಿಕೆಗಳಿಂದ ಹೊಲಿದಳು. ಹೂವಿನದೊಂದು, ಗೆರೆಯದೊಂದು, ಚಿರತೆಯ ಚುಕ್ಕಿಯದೊಂದು ತುಂಡು.

ಹಾರಿಸುವ ದಿನ ಗಾಳಿ ಸೌಮ್ಯವಾಗಿತ್ತು. ಪಾರ್ಲರಿನ ಹೆಂಗಸರೆಲ್ಲ ಮಡಚುವ ಕುರ್ಚಿ ತಂದಿದ್ದರು. ಟ್ವೈಲಾ ಏಣಿ ಹತ್ತಿ, ರಾಕೆಟ್ಟಿನ ಮೈಯಲ್ಲಿದ್ದ ಚಿಕ್ಕ ತೂತಿನೊಳಗಿಂದ ಡಬ್ಬಿಯ ಸ್ವಿಚ್ಚು ಹಾಕಲು ಹೋದಳು. ತೆಳ್ಳನೆಯ ಸ್ಕ್ರೂಡ್ರೈವರ್ ಜಾರಿ ಹುಲ್ಲಿನಲ್ಲಿ ಎಲ್ಲೋ ಬಿತ್ತು. ಹುಡುಕಿದರೆ ಸಿಗಲಿಲ್ಲ. ಅವಳು ಜೇಬಿಗೆ ಕೈಹಾಕಿದಳು. ಕೈಗೆ ಬಂದದ್ದು ಬೈತಲೆ ತೆಗೆಯುವ, ಉದ್ದನೆಯ ಉಕ್ಕಿನ ಬಾಲದ ಬಾಚಣಿಗೆ. ಅದರ ತುದಿಯನ್ನೇ ತೂತಿನೊಳಗೆ ತೂರಿ ಒತ್ತಿದಳು. ಒಳಗಿನಿಂದ ಬೀಪ್, ಬೀಪ್, ಬೀಪ್. ಎಲ್ಲ ಸರಿಯಿದೆ ಎಂದರ್ಥ.

ಏಣಿ ಇಳಿದು ಓಡಿಬಂದು ಅವಳು ಹಾರಿಸುವ ಗುಂಡಿಯ ಮುಂದೆ ನಿಂತಳು. ಎಲ್ಡನ್ ಧ್ವನಿವರ್ಧಕ ಹಿಡಿದ.

"ಈಗ ಬರ್ನಡೀನ್ ಮೇಲಕ್ಕೆ ಹೋಗ್ತಾರೆ."

"ಏ ಎಲ್ಡನ್!" ಹಿಂದಿನಿಂದ ಕೂಗು ಬಂತು. "ನಾನಿನ್ನೂ ಇಲ್ಲೇ ಇದೀನಿ ಕಣಯ್ಯಾ!"

ಬಯಲಿಗೆ ಬಯಲೇ ನಕ್ಕಿತು. ನಗುವಿನ ನಡುವೆಯೇ ಟ್ವೈಲಾ ಗುಂಡಿ ಒತ್ತಿದಳು. ನೇರಳೆ ರಾಕೆಟ್ ನೆಲವನ್ನು ಒದ್ದು ಎದ್ದಿತು. ಸದ್ದು ಎದೆಯೊಳಗೆ ಬಡಿಯಿತು. ಮೇಲೆ, ಮೇಲೆ, ಕತ್ತು ನೋಯುವಷ್ಟು ಮೇಲೆ ಹೋಗಿ, ಕಣ್ಣಿಗೆ ಕಾಣದಾಯಿತು.

"ಎಲ್ಲಿ? ಎಲ್ಲಿ?"

"ಅಗೋ, ಹೊಗೆ!" ಎಂದ ಡ್ಯಾರೆಲ್.

ಬಿಳಿಯ ಚುಕ್ಕೆ ಹೊಗೆ, ಅದರ ಬಳಿ ಕಿತ್ತಳೆ ಬಣ್ಣದ ಚೂರು: ಚಿಕ್ಕ ಪ್ಯಾರಾಚೂಟ್. ರಾಕೆಟ್ ಸರ್ರನೆ ಇಳಿಯತೊಡಗಿತು. ಇಳಿಯಿತು, ಇಳಿಯುತ್ತಲೇ ಬಂತು. ಟ್ವೈಲಾ ಗಂಡನ ತೋಳಿಗೆ ಉಗುರು ನೆಟ್ಟಳು.

"ಬಿಚ್ಕೋ. ಬಿಚ್ಕೋ ಮಾರಾಯ್ತಿ!"

ಫಟ್! ಹೂವು, ಗೆರೆ, ಚಿರತೆ ಎಲ್ಲವೂ ಒಟ್ಟಿಗೆ ಆಕಾಶದಲ್ಲಿ ಅರಳಿದವು. ಪಟ್ಟಿ ಬಿಗಿಯಿತು, ಯು-ಬೋಲ್ಟು ಹಿಡಿಯಿತು, ರಾಕೆಟ್ ಗಕ್ಕನೆ ನಿಂತಂತೆ ನಿಂತು ತೂಗುತ್ತ ಇಳಿಯಿತು. ತಮ್ಮ ಕೊರಳಿಗೆ ಎಷ್ಟೋ ವರ್ಷ ಕಟ್ಟಿಸಿಕೊಂಡಿದ್ದ ಮೇಲುಹೊದಿಕೆಗಳನ್ನು ಗುರುತು ಹಿಡಿದು ಹೆಂಗಸರು ಕೂಗಾಡಿದರು.

ಇಳಿದದ್ದು ಮಾತ್ರ ದನಗಳ ನಡುವೆ. ಒಂದು ಕಪ್ಪು ಕಡಸು ಬಂದು ಮೂಸಿ, ಹೂವಿನ ತುಂಡನ್ನು ಬಾಯಿಗೆ ಹಾಕಿಕೊಂಡಿತು. ರಾಕೆಟ್ ಒಂದು ಚೂರೂ ಹಾಳಾಗದೆ ಪರೀಕ್ಷಕನ, ಅಂದರೆ ಎಲ್ಡನ್‌ನ, ಕೈ ಸೇರಬೇಕೆಂಬುದು ಪರೀಕ್ಷೆಯ ನಿಯಮ.

"ಬಿಡೇ! ಬಿಡೇ ಅದನ್ನ!" ಟ್ವೈಲಾ ಬೇಲಿ ನುಸುಳಿ ಓಡಿದಳು. ಕಡಸೂ ಪ್ಯಾರಾಚೂಟ್ ಕಚ್ಚಿಕೊಂಡೇ ಕುಣಿಯುತ್ತ ಹೊರಟಿತು. ಹಿಂದೆ ಪಟ್ಟಿ, ಪಟ್ಟಿಯ ಹಿಂದೆ ರಾಕೆಟ್, ಅದರ ಹಿಂದೆ ಟ್ವೈಲಾ, ಅವಳ ಹಿಂದೆ ಏದುಸಿರು ಬಿಡುವ ಡ್ಯಾರೆಲ್. ಅವನ ಕೈಯಲ್ಲಿದ್ದ ಅರ್ಧ ದಾಲ್ಚಿನ್ನಿ ರೋಲಿನ ವಾಸನೆ ಹತ್ತಿದ ಕಡಸು ನಿಂತಿತು. ಪ್ಯಾರಾಚೂಟ್ ಉಗುಳಿ ರೋಲು ತಿಂದಿತು.

ಎಲ್ಡನ್ ಮೊಣಕಾಲೂರಿ ಮೂತಿಯಿಂದ ಬಾಲದ ತನಕ ಮುಟ್ಟಿ ಮುಟ್ಟಿ ನೋಡಿದ. ಹೂವಿನ ತುಂಡಿನ ಮೇಲಿನ ಜೊಲ್ಲನ್ನು ಬೆರಳಿಂದ ಒರೆಸಿದ.

"ಜೊಲ್ಲು ಹಾಳಾದ ಲೆಕ್ಕ ಅಲ್ಲ," ಎಂದ ಗಂಭೀರವಾಗಿ. "ಪಾಸು."

ಟ್ವೈಲಾ ಸಗಣಿಯನ್ನೂ ನೋಡದೆ ಹುಲ್ಲಿನ ಮೇಲೆ ಮಲಗಿಬಿಟ್ಟಳು. ಆಕಾಶ ಗಿರ್ರನೆ ತಿರುಗುತ್ತಿತ್ತು. ಡಬ್ಬಿ ಅವಳ ಹೊಟ್ಟೆಯ ಮೇಲೆ ಕುಳಿತು ಎಷ್ಟು ಎತ್ತರ ಹೋಗಿದ್ದೆನೆಂದು ಬೀಪ್ ಸದ್ದಿನಲ್ಲಿ ವರದಿ ಒಪ್ಪಿಸುತ್ತಿತ್ತು. ಒಂದೊಂದು ಅಂಕಿಗೆ ಅಷ್ಟಷ್ಟು ಬೀಪು. ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಬಂದ ಬರ್ನಡೀನ್ ಕಿವಿಗೊಟ್ಟಳು.

"ನಾಲ್ಕು ಸಾವಿರದ ಒಂಬೈನೂರು ಅಡಿ!"

"ಮೂರು ಸಾವಿರದ ಒಂಬೈನೂರು," ಎಂದ ಎಲ್ಡನ್. "ಒಂದು ಬೀಪ್ ಜಾಸ್ತಿ ಎಣಿಸಿದ್ರಿ."

"ಹೋದವಳು ನಾನೋ ನೀನೋ?"

"ಸುಮ್ನಿರಿ ಇಬ್ರೂ, ಮತ್ತೆ ಹೇಳತ್ತೆ," ಎಂದಳು ಟ್ವೈಲಾ. ಎಲ್ಲರೂ ಉಸಿರು ಹಿಡಿದು ತಲೆ ತಗ್ಗಿಸಿ ಕಿವಿಗೊಟ್ಟರು. ಆದರೆ ಅವಳ ಹೊಟ್ಟೆ ನಗುವಿಗೆ ಕುಣಿದು ಕುಣಿದು ಡಬ್ಬಿ ಉರುಳಿಹೋಯಿತು. ಎಣಿಕೆ ಮತ್ತೆ ಮೊದಲಿನಿಂದ.