ಗಿರಿಯಮ್ಮನ ಎರಡು ಸಾಲು

ಕಂಬಳಿ ನೂಲಿಗೆ ಹಾಕುವ ಗಂಜಿಯ ವಿಷಯದಲ್ಲಿ ಜವನಗೊಂಡನಹಳ್ಳಿಯ ಗಿರಿಯಮ್ಮನನ್ನು ಮೀರಿಸುವವರಿರಲಿಲ್ಲ. ಭರಮಸಾಗರದಿಂದ ಸೊಸೆಯಾಗಿ ಬಂದು ಮೂವತ್ತು ವರ್ಷ. ಹುಣಸೆಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಅವಳು ಕಾಯಿಸಿದ ಗಂಜಿ ನೂಲಿಗೆ ಹತ್ತಿತೆಂದರೆ, ಗಂಡ ಬೀರಪ್ಪ ದಿನವಿಡೀ ನೇಯ್ದರೂ ಒಂದೆಳೆ ಹರಿಯುತ್ತಿರಲಿಲ್ಲ. ಓರಗಿತ್ತಿ ಹೊನ್ನಕ್ಕನಿಗೆ ನೂಲು ತೆಗೆಯಲು ಕಲಿಸಿದವಳೂ ಅವಳೇ.

ಎಪ್ಪತ್ತೊಂದನೇ ಇಸವಿಯಲ್ಲಿ ಮುರುಗೇಶಪ್ಪ ಮೇಷ್ಟ್ರು ಸರ್ಕಾರಿ ನೌಕರಿ ಬಿಟ್ಟು ಬಂದು, ಊರಾಚೆಯ ಹಳೇ ಉಣ್ಣೆ ಗೋದಾಮಿನಲ್ಲಿ ತಮ್ಮದೇ ಹೈಸ್ಕೂಲು ತೆರೆದರು. ಬೆಳಿಗ್ಗೆ ಪುಸ್ತಕದ ಪಾಠ, ಮಧ್ಯಾಹ್ನ ಊರಿನವರ ಪಾಠ. ಕೇಳಿದ್ದನ್ನು ಮಕ್ಕಳು ಕೈಯಾರೆ ಮಾಡಿ ನೋಡಿ ಗೋಡೆಯ ಮೇಲೆ ಬರೆಯಬೇಕು: ಹೇಳಿದವರು ಯಾರು, ಹೇಳಿದ್ದೇನು, ಮಾಡಿದಾಗ ಏನಾಯಿತು. ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ.

ಗೋಡೆಯ ಮೊದಲ ಸಾಲಿಗೇ ಹೊನ್ನಕ್ಕನ ಹೆಸರು ಏರಿತು. ನೂಲಿನ ಪಾಠ.

ಗಿರಿಯಮ್ಮನಿಗೆ ಓದು ಬಾರದು. ಆದರೂ ನೀರಿಗೆ ಹೋಗುವಾಗ, ಬರುವಾಗ ಆ ಕಪ್ಪು ಅಕ್ಷರಗಳು ಕಣ್ಣಿಗೆ ಚುಚ್ಚುತ್ತಿದ್ದವು. ಕಲಿಸಿದವಳು ಕೊಡ ಹೊತ್ತು ಬೀದಿಯಲ್ಲಿ, ಕಲಿತವಳು ಗೋಡೆಯ ಮೇಲೆ!

"ಅಕ್ಕಾ, ಹುಡುಗ್ರೆಲ್ಲ ನನ್ನ ಮೇಷ್ಟ್ರಮ್ಮ ಅಂತಾವೆ ಕಣಕ್ಕಾ," ಎಂದು ಹೊನ್ನಕ್ಕ ನಕ್ಕಳು.

"ಅನ್ಲಿ ಬಿಡೇ. ಮೊದ್ಲು ಸೀರೆ ನೆಟ್ಟಗೆ ಉಟ್ಕ, ಮೇಷ್ಟ್ರಮ್ಮ."

ಅವತ್ತು ಗಿರಿಯಮ್ಮನ ಮುದ್ದೆಯಲ್ಲಿ ಗಂಟು ಬಿದ್ದವು.

ವಾರ ಕಳೆದ ಮೇಲೆ ಚಂದ್ರಕ್ಕ ಎಂಬ ಹುಡುಗಿ ಗೆಳತಿಯರ ಜೊತೆ ಬಾಗಿಲಿಗೆ ಬಂದಳು. "ಗಿರಿಯಮ್ಮಾ, ಗಂಜಿ ಮಾಡೋದು ಹೇಳ್ಕೊಡ್ರಿ." ಗಿರಿಯಮ್ಮನ ಎದೆ ಅರಳಿತು. ಅಷ್ಟರಲ್ಲಿ ಹುಡುಗಿ, "ಹೊನ್ನಕ್ಕ ಕಳಿಸಿದ್ರು," ಎಂದಳು.

ಅಂದರೆ ತಾನಾಗಿ ಯಾರೂ ನೆನೆದಿರಲಿಲ್ಲ. ಹೊನ್ನಕ್ಕ ಉಂಡು ಬಿಟ್ಟದ್ದು ತನ್ನ ಎಲೆಗೆ!

"ಏನೈತೆ ಅದ್ರಾಗೆ? ಬೀಜ ಹಂಗೇ ನೆನೆಸಿ ರುಬ್ರಿ, ಕಾಯಿಸ್ರಿ."

"ಹುರಿಯೋದು ಬ್ಯಾಡ್ವಾ?"

"ಬ್ಯಾಡ."

ಹುಡುಗಿಯರು ನಂಬಿ ಬರೆದುಕೊಂಡು ಹೋದರು. ಹೊನ್ನಕ್ಕ ತೆಗೆಸಿದ ನೂಲು ಹಾಳಾಗಲಿ, ಊರು ಅವಳನ್ನು ನೋಡಿ ನಗಲಿ ಎಂದು ಗಿರಿಯಮ್ಮ ಒಳಗೇ ಲೆಕ್ಕ ಹಾಕಿದಳು.

ಮೂರನೇ ದಿನ ಆ ನಗು ಕೇಳಲೆಂದೇ ಶಾಲೆಗೆ ಹೋದಳು. ಮಕ್ಕಳು ಹೂಡಿದ್ದ ಮಗ್ಗದ ಮೇಲೆ ನೂಲು ಸಿಪ್ಪೆ ಮೆತ್ತಿ ಮುದ್ದೆಗಟ್ಟಿತ್ತು. ಮುಟ್ಟಿದಲ್ಲೆಲ್ಲ ಎಳೆ ಹರಿಯುತ್ತಿತ್ತು. ಯಾರೂ ನಗುತ್ತಿರಲಿಲ್ಲ. ಚಂದ್ರಕ್ಕ ಕುಂಚ ಹಿಡಿದು ಗೋಡೆಯ ಮುಂದೆ ನಿಂತಿದ್ದಳು.

"ಏನ್ ಬರೀತೀಯೇ?"

"ಹೇಳಿದವರು ಗಿರಿಯಮ್ಮ. ಹೇಳಿದ್ದು, ಬೀಜ ಹುರಿಯುವುದು ಬೇಡ." ಹುಡುಗಿ ಕುಂಚ ಇಳಿಸಿದಳು. "ಹೊನ್ನಕ್ಕ ಬರೀಬ್ಯಾಡ ಅಂತಾರೆ. 'ನಮ್ಮಕ್ಕ ತಪ್ಪು ಹೇಳೋಳಲ್ಲ, ನೀವೇ ಸರಿಯಾಗಿ ಕೇಳಿಲ್ಲ' ಅಂತ ಬೈದ್ರು."

ಗಿರಿಯಮ್ಮನಿಗೆ ಮೈಯೆಲ್ಲ ಉರಿಯಿತು. ಒಳ್ಳೆಯತನದಲ್ಲೂ ಈ ಹೊನ್ನಕ್ಕನೇ ಮುಂದೆ! ಅದನ್ನೂ ಇವಳಿಗೇ ಬಿಟ್ಟುಕೊಡುವುದೇ?

"ನೀವು ಸರಿಯಾಗೇ ಕೇಳಿದ್ರಿ. ನಾನೇ ಸುಳ್ಳು ಹೇಳ್ದೆ."

ಅಲ್ಲೇ ನಿಂತಿದ್ದ ಮೇಷ್ಟ್ರು ಮೆಲ್ಲಗೆ ಅಂದರು: "ಹಂಗಾದ್ರೆ ಅದನ್ನೂ ಬರೀಬೇಕಾಗ್ತೈತಮ್ಮ."

"ಬರೀರಿ. ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡ್ರಿ."

ಮನೆಗೆ ಹೋದವಳು ಹಂಚು, ಬೀಜ ಹೊತ್ತು ಬಂದಳು. ಗೋದಾಮಿನ ತುಂಬ ಹುರಿದ ಬೀಜದ ಕಮ್ಮನೆಯ ವಾಸನೆ ಹಬ್ಬಿತು. ಹೊನ್ನಕ್ಕ ಬಂದು ಪಕ್ಕದಲ್ಲಿ ಕುಳಿತು, ಸಿಪ್ಪೆ ಬಿಡಿಸಿಕೊಟ್ಟಳು. ಗಿರಿಯಮ್ಮ ಅವಳ ಮುಖ ನೋಡಲಿಲ್ಲ.

ನಾಲ್ಕು ದಿನಕ್ಕೆ ಮಗ್ಗ ಸರಾಗವಾಗಿ ಓಡಿತು. ಗಿರಿಯಮ್ಮ ಗೋಡೆಯ ಮುಂದೆ ನಿಂತು ಕೇಳಿದಳು:

"ಲೇ ಚಂದ್ರಿ, ಹೊನ್ನಕ್ಕಂದು ಎಷ್ಟು ಸಾಲು?"

"ಒಂದು."

"ನಂದು?"

"ಎರಡು. ಅದ್ರಾಗೆ ಒಂದು ಸುಳ್ಳಿಂದು."

"ಇರ್ಲಿ ಬಿಡೇ," ಎಂದಳು ಗಿರಿಯಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಎರಡು ತಾನೆ?"