ಜ್ವರದ ಪಟ್ಟಿಯಲ್ಲಿ ಬರೆದ ಹಿಮ

ಜುಲೈನ ಒಂದು ಗುರುವಾರ, ಬೆಳಗಿನ ಎಂಟು ಗಂಟೆಯ ವಿಮಾನಕ್ಕೆ ನಾವು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಮನೆಯನ್ನು ಐದಕ್ಕೇ ಬಿಟ್ಟೆವು. ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಮೇಟ್ರನ್ ಆಗಿದ್ದ ನನಗೆ ತಡವಾಗುವುದಕ್ಕಿಂತ ಕಾಯುವುದೇ ಸುಲಭ. ಸಣ್ಣ ಮಳೆ ಹನಿಯುತ್ತಿತ್ತು. ನಮ್ಮ ಯಜಮಾನರು ಎರಡು ಸ್ವೆಟರ್ ಹಾಕಿಕೊಂಡು ಮಫ್ಲರ್ ಸುತ್ತಿಕೊಂಡಿದ್ದರು.

ಅವರು ಕೆಮಿಸ್ಟ್ರಿ ಲೆಕ್ಚರರ್ ಆಗಿ ನಿವೃತ್ತರಾದವರು. ಎರಡು ವರ್ಷದಿಂದ ಅವರ ದೃಷ್ಟಿಯ ನಡುಭಾಗ ಮಸುಕಾಗುತ್ತಿದೆ, ಅಂಚು ಮಾತ್ರ ಉಳಿದಿದೆ. ನೋಡಬೇಕೆಂದುಕೊಂಡಿದ್ದನ್ನು ಈ ವರ್ಷವೇ ನೋಡಿಬಿಡಿ ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರು. ನೀರು ಹೆಪ್ಪುಗಟ್ಟುವುದನ್ನು ಜೀವಮಾನವೆಲ್ಲ ಪಾಠ ಮಾಡಿದವರು ಹಿಮ ಮುಚ್ಚಿದ ನೆಲವನ್ನು ಒಮ್ಮೆಯೂ ಕಂಡಿರಲಿಲ್ಲ. ಮೌಂಟ್ ಕೆನ್ಯಾದ ಬಿಳಿ ತುದಿ ಈಗ ಅವರ ಕಣ್ಣಿಗೆ ಎಟುಕದಷ್ಟು ದೂರ. ಹತ್ತಲು ಇಬ್ಬರಿಗೂ ಮಂಡಿ ಇಲ್ಲ. ಕಾರು ಹಿಮದ ಬುಡದವರೆಗೆ ಹೋಗುವಂಥ ಒಂದು ಸ್ಕೀ ತಾಣ ದಕ್ಷಿಣ ಆಫ್ರಿಕಾದ ನಡುವಿನ ಲೆಸೋಥೋ ದೇಶದಲ್ಲಿದೆ, ಜುಲೈ ಅಲ್ಲಿ ಚಳಿಗಾಲ ಎಂದು ತಿಳಿದಾಗ ಹೊರಟೇಬಿಡುವುದೆಂದು ತೀರ್ಮಾನಿಸಿದೆವು.

ದಿನ ಆರಿಸುವ ಕೆಲಸ ನನ್ನದು. ಸ್ಕೀ ಆಡುವವರಿಗಾಗಿಯೇ ಇರುವ ಹವಾಮಾನ ಮುನ್ಸೂಚನೆಯನ್ನು ಎರಡು ವಾರ ದಿನಕ್ಕೆ ನಾಲ್ಕು ಸಲ ನೋಡಿ, ವಾರ್ಡಿನ ಜ್ವರದ ಪಟ್ಟಿಯ ಹಾಗೆಯೇ ಗೆರೆ ಎಳೆದು ಬರೆದಿಟ್ಟೆ: ಉಷ್ಣತೆ, ಮೋಡ, ಗಾಳಿ, ಹೊಸ ಹಿಮ. ಸೋಮವಾರದಿಂದ ಬುಧವಾರದವರೆಗೆ ಬರೀ ಬಿಸಿಲಿನ ಚಿತ್ರ, ಹೊಸ ಹಿಮ ಸೊನ್ನೆ. ಶುಕ್ರವಾರ ದಟ್ಟ ಮೋಡ, ಹೊಸ ಹಿಮ ಐದು ಸೆಂಟಿಮೀಟರ್. ಇಷ್ಟು ವರ್ಷ ನೈರೋಬಿಯಲ್ಲಿದ್ದವರಿಗೆ ಚಳಿ ಎಂದರೆ ಜುಲೈನ ಮೋಡ. ಬಿಸಿಲು ಬಂದರೆ ನಾವು ಸ್ವೆಟರ್ ಬಿಚ್ಚುತ್ತೇವೆ. ಬಿಸಿಲಿನ ಮೂರು ದಿನಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. "ಅಜ್ಜಿ, ಸನ್ ಇರೋ ಡೇ ಗೋ ಮಾಡಿ, ಸಿಂಪಲ್," ಎಂದಿದ್ದಳು ಮೊಮ್ಮಗಳು. ಅವಳಿಗೆ ಹವೆಯ ವಿಷಯ ತಿಳಿಯದು ಎಂದುಕೊಂಡೆ.

ಜೋಹಾನ್ಸ್‌ಬರ್ಗ್‌ಗೆ ನಾಲ್ಕು ಗಂಟೆ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಒಣಹುಲ್ಲಿನ ಬಯಲು, ಆಮೇಲೆ ಗಡಿ, ಆಮೇಲೆ ಬೆಟ್ಟದ ಬುಡದ ಒಂದು ಸಣ್ಣ ಊರು. ಅಲ್ಲಿ ರಾತ್ರಿ ಉಳಿದು, ಮೆಕ್ಕೆಜೋಳದ ಮುದ್ದೆಯಂಥ ಊಟವನ್ನು ಸೊಪ್ಪಿನ ಪಲ್ಯದ ಜೊತೆ ಉಂಡೆವು. ನೈರೋಬಿಯ ಉಗಾಲಿ ಅಭ್ಯಾಸವಿದ್ದವರಿಗೆ ಅದು ಮನೆಯೂಟವೇ.

ಶುಕ್ರವಾರ ಬೆಳಿಗ್ಗೆ ಘಾಟಿ ಹತ್ತಿದೆವು. ಮಂಜು ಎಷ್ಟಿತ್ತೆಂದರೆ ಚಾಲಕ ತಲೆಯನ್ನು ಕಿಟಕಿಯಿಂದಾಚೆ ಹಾಕಿ ಓಡಿಸಿದ. ಮೇಲೆ ತಲುಪಿದಾಗ ಬೀಳುತ್ತಿದ್ದದ್ದು ಹಿಮವಲ್ಲ, ಮಳೆ. ಕಂದು ಹುಲ್ಲಿನ ನಡುವೆ ಒಂದು ಪಟ್ಟಿಯಷ್ಟು ಹಿಮ, ಅದೂ ತೂತುಬಿದ್ದು ಬೂದಿಬಣ್ಣಕ್ಕೆ ತಿರುಗಿತ್ತು. ಆಕಾಶ, ನೆಲ, ಹಿಮ ಎಲ್ಲ ಒಂದೇ ಬಣ್ಣ.

ಯಜಮಾನರು ಕಾರಿನ ಪಕ್ಕ ನಿಂತು, ಎಲ್ಲಿದೆ ಎಂದು ಕೇಳಿದರು. ನಾನು ಕೈಹಿಡಿದು ಕರೆದುಕೊಂಡು ಹೋಗಿ ಒಂದು ಹಿಡಿ ಎತ್ತಿ ಅವರ ಅಂಗೈಗೆ ಹಾಕಿದೆ.

"ನಮ್ಮ ಫ್ರೀಜರ್ ಡೀಫ್ರಾಸ್ಟ್ ಮಾಡಿದಾಗ ಬರತ್ತಲ್ಲ, ಅದೇ," ಎಂದು ನಕ್ಕರು. ಮತ್ತೆ ಏನೂ ಕೇಳಲಿಲ್ಲ. ಆ ಕೇಳದಿರುವುದೇ ನನ್ನನ್ನು ಕೊರೆಯಿತು.

ಮಧ್ಯಾಹ್ನ ಊಟದ ಮನೆಯಲ್ಲಿ ಬಿಸಿ ಸೂಪು ತರಿಸಿ ನನ್ನ ಪಟ್ಟಿಯನ್ನು ಮೇಜಿನ ಮೇಲೆ ಹರಡಿದೆ. ಪಕ್ಕದ ಮೇಜಿನಲ್ಲಿ ಥಾಬೊ ಎಂಬ ನಡುವಯಸ್ಸಿನ ಮನುಷ್ಯ ಬ್ರೆಡ್ ತಿನ್ನುತ್ತಿದ್ದ. ನೀರನ್ನು ಗಾಳಿಗೆ ಚಿಮ್ಮಿಸಿ ಹಿಮ ಮಾಡುವ ಯಂತ್ರಗಳನ್ನು ನಡೆಸುವವನು. ಪಟ್ಟಿ ನೋಡಿ ಎದ್ದುಬಂದ. ನಾನು ಕೆಂಪಿನಲ್ಲಿ ಹೊಡೆದ ಮೂರು ದಿನಗಳ ಮೇಲೆ ಬೆರಳಿಟ್ಟು, "ಮ್ಮೆ, ಈ ಚಳಿಗಾಲದ ಒಳ್ಳೆಯ ಮೂರು ದಿನ ಇವೇ," ಎಂದ. ಅಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ.

ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದ. ಮೋಡ ಕಂಬಳಿ ಇದ್ದ ಹಾಗೆ, ಅದನ್ನು ಹೊದ್ದ ನೆಲ ರಾತ್ರಿ ತಣ್ಣಗಾಗುವುದಿಲ್ಲ. ಆಕಾಶ ತೆರೆದಿದ್ದು, ಗಾಳಿ ಒಣಗಿದ್ದು, ಬೀಸದೆ ನಿಂತಿದ್ದರೆ ಬೆಳಗಾಗುವುದರೊಳಗೆ ಅವನ ಯಂತ್ರಗಳು ಇಳಿಜಾರನ್ನು ಮುಚ್ಚುತ್ತವೆ. ಹೊಸ ಹಿಮ ಸೊನ್ನೆ ಎಂಬುದು ಆಕಾಶದ ಲೆಕ್ಕ ಮಾತ್ರ. ಇನ್ನೊಂದು, ನೀರು ಹೆಪ್ಪುಗಟ್ಟುವ ಎತ್ತರ ಶುಕ್ರವಾರ ಮೂರು ಸಾವಿರದ ಮುನ್ನೂರು ಮೀಟರ್ ಎಂದು ನಾನೇ ಬರೆದಿದ್ದೆ. ನಾವು ಕೂತಿದ್ದದ್ದು ಮೂರು ಸಾವಿರದಲ್ಲಿ. ಐದು ಸೆಂಟಿಮೀಟರ್ ಹಿಮ ಆ ಗೆರೆಯ ಮೇಲಿನ ತುದಿಗಳ ಲೆಕ್ಕ, ಕೆಳಗೆ ಬೀಳುವುದು ನೀರೇ. ಅಡ್ಮಿಟ್ ಮಾಡುವಾಗ ಒಮ್ಮೆ ರೋಗಿಯ ತೂಕ ಬರೆದು ಮರೆಯುವಂತೆ, ಆ ಎತ್ತರವನ್ನು ಪಟ್ಟಿಯ ಅಡಿಯಲ್ಲಿ ಬರೆದು ಮರೆತಿದ್ದೆ.

ಸಂಜೆಗೆ ಮೋಡ ಚದುರುತ್ತದೆ, ರಾತ್ರಿ ಮೈನಸ್ ಎಂಟು, ನಾಳೆ ಒಂಬತ್ತಕ್ಕೆ ಬಿಸಿಲು ಇಳಿಜಾರಿಗೆ ಬೀಳುತ್ತದೆ ಎಂದ ಥಾಬೊ. ನಾವು ಶನಿವಾರ ಆರೂವರೆಗೇ ಹೊರಡಬೇಕಿತ್ತು.

"ಬಿಡೇ, ನೋಡಿದ್ದಾಯ್ತು," ಎಂದರು ಯಜಮಾನರು.

"ನೀವು ನೋಡಿಲ್ಲ. ನಾನು ತಪ್ಪು ದಿನ ಆರಿಸಿದೆ."

ಅವರು ಸೂಪಿನ ಚಮಚ ಕೆಳಗಿಟ್ಟರು. "ಮೇಟ್ರನ್ನಮ್ಮ ತಪ್ಪು ಒಪ್ಪಿಕೊಂಡ್ರು. ಇದನ್ನ ಸೆಲೆಬ್ರೇಟ್ ಮಾಡೋಕಾದ್ರೂ ಇನ್ನೊಂದು ದಿನ ಇರಬೇಕು."

ಮಗಳಿಗೆ ಫೋನ್ ಮಾಡಿ ಟಿಕೆಟ್ಟನ್ನು ಭಾನುವಾರಕ್ಕೆ ಬದಲಾಯಿಸಲು ಹೇಳಿದೆ. ಹೊರಟ ಮೇಲೆ ದಿನ ಬದಲಾಯಿಸಿದ್ದು ನನ್ನ ಬಾಳಿನಲ್ಲಿ ಅದೇ ಮೊದಲು.

ಬೆಳಿಗ್ಗೆ ಕಿಟಕಿಯ ಗಾಜಿನ ಒಳಬದಿಗೂ ಹರಳು ಕಟ್ಟಿತ್ತು. ಒಂಬತ್ತಕ್ಕೆ ಐದು ನಿಮಿಷವಿರುವಾಗ ಬಾಡಿಗೆಯ ಬೂಟು ಹಾಕಿಕೊಂಡು ಹೊರಗೆ ನಿಂತೆವು. ಬಿಸಿಲು ಮೇಲಿನಿಂದ ಇಳಿಯುತ್ತ ಬಂತು. ನಿನ್ನೆಯ ಹಿಮದ ಪಟ್ಟಿ ಈಗ ಬುಡದಿಂದ ತುದಿಯವರೆಗೆ ಅಗಲವಾದ ಬಿಳಿ, ಅದರ ಮೇಲೆ ಒಂದು ಚೂರು ಮೋಡವಿಲ್ಲದ ನೀಲಿ.

ಯಜಮಾನರು ಅದಕ್ಕೆ ಮುಖ ಕೊಡದೆ ಪಕ್ಕದ ಗುಡಿಸಲಿನ ಕಡೆ ತಿರುಗಿದರು. ಈಗ ಅವರು ನೋಡುವುದೇ ಹಾಗೆ. ಬೇಕಾದ ವಸ್ತುವನ್ನು ಕಣ್ಣಿನ ಅಂಚಿಗೆ ತಂದುಕೊಳ್ಳಲು ಮುಖ ಬೇರೆ ಕಡೆ ಮಾಡಬೇಕು. ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ಕೈಯೆತ್ತಿ, ನೀಲಿ ಮುಗಿದು ಬಿಳಿ ಶುರುವಾಗುವ ಗೆರೆಯನ್ನು ಗಾಳಿಯಲ್ಲಿ ಎಳೆದರು. ನಾನು ಸರಿನೋಡಿದೆ. ನಡುವಿನ ತಗ್ಗನ್ನೂ ಬಿಟ್ಟಿರಲಿಲ್ಲ.

"ಇದಕ್ಕೆ ನಡುಗಣ್ಣು ಬೇಡ ಕಣೇ," ಎಂದರು.

ಥಾಬೊ ಕೆಲಸ ಮುಗಿಸಿ ಬಂದ, ಮೀಸೆಯಲ್ಲೂ ಹಿಮ. ನೈರೋಬಿಯ ಅಭ್ಯಾಸದಿಂದ ನಾನು ಸ್ವಾಹಿಲಿಯಲ್ಲಿ 'ಅಸಾಂಟೆ', ಧನ್ಯವಾದ, ಎಂದುಬಿಟ್ಟೆ. ಅವನ ಭಾಷೆಯಲ್ಲದಿದ್ದರೂ ಅವನಿಗೆ ಅರ್ಥವಾಯಿತು. ಯಂತ್ರದ ಕೋಣೆಯಲ್ಲಿ ಅಂಟಿಸುತ್ತೇನೆಂದು ನನ್ನ ಪಟ್ಟಿಯನ್ನು ಕೇಳಿದ. ತಪ್ಪು ತಪ್ಪಾಗಿಯೇ ಇರಲಿ ಎಂದು ಕೆಂಪು ಗೆರೆಗಳ ಸಮೇತ ಕೊಟ್ಟೆ. ಒಬ್ಬ ಅಪರಿಚಿತನಿಂದ ಅಷ್ಟು ದೊಡ್ಡ ಉಪಕಾರವನ್ನು ನಾನು ಹಿಂದೆಂದೂ ಪಡೆದಿರಲಿಲ್ಲ.

ಮಧ್ಯಾಹ್ನ ಹೊರಟೆವು. ಹಿಂದಿನ ಸೀಟಿನಲ್ಲಿ ಯಜಮಾನರು ಪೂರ್ತಿ ನನ್ನ ಕಡೆ ತಿರುಗಿ ಕೂತರು. ಘಾಟಿಯ ಮೊದಲ ತಿರುವುಗಳಲ್ಲಿ ಚಾಲಕ ಕನ್ನಡಿಯಲ್ಲಿ ನೋಡಿ, ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಕೇಳಿದ. ನಲವತ್ನಾಲ್ಕು ಎಂದೆ. ಇಷ್ಟು ವರ್ಷವಾದರೂ ಇವರು ನಿಮ್ಮ ಮುಖದಿಂದ ಕಣ್ಣು ತೆಗೆಯುವುದಿಲ್ಲವಲ್ಲ ಎಂದು ಅವನಿಗೆ ಮೆಚ್ಚುಗೆ.

ನಾನು ತಿದ್ದಲಿಲ್ಲ. ಹಿಂದಿನ ಗಾಜಿನಲ್ಲಿ, ಅವರ ಕಣ್ಣಿನ ಅಂಚಿಗೆ, ಬಿಳಿ ಇನ್ನೂ ಇತ್ತು. ಅದು ಮರೆಯಾಗುವ ತಿರುವಿನವರೆಗೆ ಅಲುಗಾಡದೆ ಕೂತಿದ್ದೆ.