ಗುರುಸಿದ್ದಪ್ಪ ಕಾಕಾನ ಆನ್‌ಲೈನ್ ಬಳೆ ಅಂಗಡಿ

ಗುರುಸಿದ್ದಪ್ಪ ಕಾಕಾನಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಎದುರಿಗೆ ನಿಂತು ಎಷ್ಟು ನಕ್ಕರೂ "ಯಾರವ್ವಾ ನೀ?" ಅಂತಲೇ ಕೇಳುತ್ತಿದ್ದರು. ಹೆಸರು ಹೇಳಿ ಉಪಯೋಗವಿಲ್ಲ, ಕೈ ಚಾಚಬೇಕು. ನನ್ನ ಕೈ ಹಿಡಿದು ಹೆಬ್ಬೆರಳಿನ ಬುಡವನ್ನು ಒಮ್ಮೆ ಒತ್ತಿದರೆ ಸಾಕು. "ಹೋ, ಶಿವಬಸವ ನಗರದ ಸುಮಾ! ಕೈ ಬಾಳ ಬಿರುಸಾತಲ್ಲ ಯವ್ವಾ. ನಿಮ್ಮವ್ವ ಭಾಂಡಿ ತಿಕ್ಕಾಕ ಹಚ್ಚ್ಯಾಳೇನು?"

ಕಾಕಾ ಬಳೆಗಾರ. ಖಾನಾಪುರದಲ್ಲಿ ಇಬ್ಬರು ನಿಂತರೆ ಮೂರನೆಯವರು ರಸ್ತೆಗೆ ಬೀಳುವಷ್ಟು ಸಣ್ಣ ಅಂಗಡಿ. ಬೆಳಗಾವಿಗೆ ಬರುವಾಗ ಹೆಗಲ ಮೇಲೆ ಬಳೆಗಳನ್ನು ಪೋಣಿಸಿದ ಮಲಾರ. ನಮ್ಮ ಮನೆಯ ಪಡಸಾಲೆಯಲ್ಲಿ ಕುಂತು ಅವ್ವನಿಗೆ, ನನಗೆ, ಓಣಿಯ ಹೆಂಗಸರಿಗೆಲ್ಲ ಬಳೆ ಇಡುತ್ತಿದ್ದರು. ಬಳೆ ಏರಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಾಯಲ್ಲಿ ಒಂದೇ ಮಾತು: "ಸಡ್ಲ ಬಿಡು ಯವ್ವಾ, ಕೈ ಸಡ್ಲ ಬಿಡು. ನಾ ಹಿಡದೀನಿ." ಎಷ್ಟು ಬಿಗಿ ಬಳೆಯೂ ಆ ಮಾತಿಗೆ ಏರಿಬಿಡುತ್ತಿತ್ತು. ಅವರ ಎಡಗೈಯ ಕಿರುಬೆರಳು ಒಳಕ್ಕೆ, ಉಂಗುರದ ಬೆರಳಿನ ಕಡೆ ಬಾಗಿತ್ತು. ಸಣ್ಣವಳಿದ್ದಾಗ ಅದು ಬಳೆ ಸಿಕ್ಕಿಸಿಕೊಳ್ಳಲು ದೇವರು ಕೊಟ್ಟ ಕೊಕ್ಕೆ ಅಂದುಕೊಂಡಿದ್ದೆ.

ಎರಡು ಸಾವಿರದ ಆಸುಪಾಸು. ನಾನು ವೆಬ್‌ಸೈಟ್ ಮಾಡುವುದನ್ನು ಅರ್ಧಂಬರ್ಧ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ದೊಡ್ಡ ಮನುಷ್ಯಳ ಹಾಗೆ ಕುಂತಿದ್ದ ಕಾಲ. ಒಂದು ದಿನ ಕಾಕಾ ಮಲಾರ ಇಳಿಸಿ, ನೇರ ನನ್ನ ಕೋಣೆಗೆ ಬಂದರು.

"ಕಂಪ್ಯೂಟರಿನ್ಯಾಗ ಅಂಗಡಿ ಹಾಕಿ ಕೊಡ್ತೀಯಂತ. ನನಗೂ ಒಂದು ಹಾಕವಾ."

ನನಗೆ ನಗು ಬಂತು. "ಕಾಕಾ, ಅಲ್ಲಿ ನಿಮ್ಮ ಗಾಜಿನ ಬಳಿ ಯಾರ ತುಗೋತಾರ್ರಿ?"

"ಎಲ್ಲಾ ಊರಿನವ್ರೂ ಅದರಾಗ ಬರ್ತಾರಂತಲ್ಲ?"

"ಬರ್ತಾರ್ರಿ."

"ಖರೇನ? ಎಲ್ಲಾ ಊರಿನವ್ರೂ?"

ಎರಡನೇ ಸಲ ಕೇಳಿದ್ದು ಯಾಕೆ ಅಂತ ಆಗ ಹೊಳೆಯಲಿಲ್ಲ. ವ್ಯಾಪಾರದ ಆಸೆ ಅಂದುಕೊಂಡೆ.

ನಾನು ಮಾಡಿದ ಮೊದಲ ವೆಬ್‌ಸೈಟ್ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರ. ಅತ್ತಿಂದಿತ್ತ ಓಡುವ "ಸುಸ್ವಾಗತ". ತೆರೆದ ತಕ್ಷಣ ಕೀಂ ಅನ್ನುವ ಸಂಗೀತ. ಬಳೆಯ ಒಂದು ಚಿತ್ರ ಬಿಚ್ಚಿಕೊಳ್ಳುವಷ್ಟರಲ್ಲಿ ನೋಡುವವರು ಚಹಾ ಕುಡಿದು ಬರಬಹುದಿತ್ತು. ಒಳಗೆ ಹೋಗಬೇಕಾದರೆ ಮೊದಲು ಹೆಸರು, ಊರು, ಪಿನ್ ಕೋಡ್, ಫೋನ್ ಎಲ್ಲ ತುಂಬಬೇಕು. ಕಾಕಾ ನನ್ನ ಬಾಜು ಕುಂತು ನೋಡಿದರು.

"ಅಂಗಡಿಗೆ ಬಂದವ್ರಿಗೆ ನಾವು ಬರ್ರಿ, ಕುಂದರ್ರಿ ಅಂತೀವಿ. ನೀ ಏನವಾ, ಹಿಂಡಲಗಾ ಜೇಲಿನ ಗೇಟಿನ್ಯಾಗ ನಿಂತಾಂಗ ಹೆಸರೇನು, ಊರೇನು, ಯಾರನ್ನ ನೋಡಾಕ ಬಂದಿ ಅಂತ ಕೇಳ್ತಿ! ಅದನ್ನೆಲ್ಲಾ ಕಡೀಕ ಹಾಕು."

ಸಿಟ್ಟು ಬಂದರೂ ಹಾಕಿದೆ. ಹೆಸರು, ವಿಳಾಸ ಕೊನೆಯ ಪುಟಕ್ಕೆ ಹೋದವು. ಅರ್ಧಕ್ಕೆ ಬಿಟ್ಟು ಹೋದವರು ಅಲ್ಲಿಯವರೆಗೆ ತುಂಬಿದ್ದು ನನ್ನ ಮೇಲ್‌ಗೆ ಬರುವ ಹಾಗೆ ಮಾಡಿದೆ. ಪುಣೆ, ಮುಂಬೈ, ಗೋವಾ ಅಂತ ಮದುವೆಯಾಗಿ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳಿಂದ ಆರ್ಡರ್ ಬರತೊಡಗಿದವು. ಕಾಕಾ ಭತ್ತದ ಹೊಟ್ಟಿನಲ್ಲಿ ಬಳೆ ಹುದುಗಿಸಿ ಪಾರ್ಸೆಲ್ ಮಾಡುತ್ತಿದ್ದರು, ಪೋಸ್ಟ್‌ಮನ್ ದುಡ್ಡು ತೆಗೆದುಕೊಂಡು ಕೊಡುತ್ತಿದ್ದ. ಆದರೆ ಅಳತೆ ತಪ್ಪುತ್ತಿತ್ತು. ಎರಡು-ನಾಲ್ಕೋ ಎರಡು-ಆರೋ ತಮ್ಮ ಕೈಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಬಳೆಗಾರನಿಗೆ. ಪಾರ್ಸೆಲ್ಲುಗಳು ಚೂರಾಗಿ ವಾಪಸು ಬಂದವು.

"ಕೈ ಕಾಣದ ಬಳಿ ಹ್ಯಾಂಗ ಕೊಡಲಿ? ಕೈ ತರಿಸು," ಅಂದರು ಕಾಕಾ.

ಸೈಬರ್ ಕೆಫೆಗಳಿಗೆ ಆಗಷ್ಟೇ ಸ್ಕ್ಯಾನರ್ ಬಂದಿದ್ದವು. ಹೆಬ್ಬೆರಳನ್ನು ಒಳಗೆ ಮಡಚಿ, ಎಡಗೈಯನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ಚಿತ್ರ ಕಳಿಸಿರಿ ಅಂತ ಮೊದಲ ಪುಟದಲ್ಲೇ ಬರೆದೆ. ಮಾದರಿಗೆ ನನ್ನದೇ ಕೈ ಹಾಕಿದೆ. ಇಷ್ಟು ತೊಂದರೆ ಯಾರು ತೆಗೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕೈಗಳು ಬಂದವು!

ಸ್ಕ್ಯಾನರ್ ಮೇಲೆ ಇಟ್ಟ ಕೈ ಫೋಟೋದ ಕೈಯಂತೆ ಇರುವುದಿಲ್ಲ. ಸುತ್ತ ಕಪ್ಪು ಕತ್ತಲೆ. ಗಾಜಿಗೆ ಒತ್ತಿದ ಕಡೆ ರಕ್ತ ಸರಿದು ಚರ್ಮ ಬೆಳ್ಳಗಾಗಿರುತ್ತದೆ. ಯಾರೋ ಪರದೆಯ ಆ ಕಡೆ ನಿಂತು ಈ ಕಡೆ ಬರಲು ತಳ್ಳುತ್ತಿದ್ದಾರೆ ಅನ್ನಿಸುತ್ತದೆ. ನಮ್ಮವ್ವ ಒಮ್ಮೆ ಚಹಾ ಕೊಡಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ಆ ಕೈ ಬಂದ್ ಮಾಡು ಮೊದ್ಲ. ಕರದಾಂಗ ಕಾಣಸ್ತಾವು."

ಕಾಕಾನಿಗೆ ಹೆದರಿಕೆಯಿಲ್ಲ. ವಾರಕ್ಕೊಮ್ಮೆ ಬಂದು ಕುಂತು, ಒಂದೊಂದೇ ಕೈ ತೆಗೆಸಿ, ಅದರ ಮೇಲೆ ತಮ್ಮ ಅಂಗೈ ಇಡುತ್ತಿದ್ದರು. ಹಳೆಯ ಟ್ಯೂಬ್ ಮಾನಿಟರ್, ಚಟಚಟ ಅನ್ನುತ್ತಿತ್ತು, ಅವರ ಮುಂಗೈಯ ಕೂದಲು ನೆಟ್ಟಗಾಗುತ್ತಿದ್ದವು. ಕಣ್ಣು ಮುಚ್ಚಿ ಗಾಜಿನೊಂದಿಗೆ ಮಾತಾಡುತ್ತಿದ್ದರು. "ಸಡ್ಲ ಬಿಡು ಯವ್ವಾ, ನಾ ಹಿಡದೀನಿ." ಆಮೇಲೆ ಅಳತೆ ಹೇಳುತ್ತಿದ್ದರು. ಯಾವಾಗಲೂ ಸರಿಯಿರುತ್ತಿತ್ತು ಅಂತಲ್ಲ. ಧಾರವಾಡದ ಒಂದು ಕೈಗೆ "ಈಕಿ ಬಸರಿ ಅದಾಳ, ದೊಡ್ಡ ಸೈಜ್ ಕಳಸು" ಅಂತ ಘಂಟಾಘೋಷವಾಗಿ ಹೇಳಿ ಬಳೆ ಕಳಿಸಿದರು. ಆಕೆ ರಿಟೈರಾದ ಹೆಡ್‌ಮಿಸ್ಟ್ರೆಸ್ ಅಂತೆ. ಬೈದು ಬರೆದಿದ್ದಳು. ಕಾಕಾ ಕೆಮ್ಮು ಬರುವವರೆಗೆ ನಕ್ಕರು.

ಆದರೆ ಬಳೆ ಕಳಿಸಿ ಮುಗಿದ ಕೈಗಳನ್ನೂ ಮತ್ತೆ ಮತ್ತೆ ತೆಗೆಸುತ್ತಿದ್ದರು. "ಇನ್ನೊಂದು ತೋರ್ಸು. ಇನ್ನೊಂದು." ಅವರು ಅಂಗೈ ನೋಡುತ್ತಿರಲಿಲ್ಲ, ಕಿರುಬೆರಳು ನೋಡುತ್ತಿದ್ದರು.

ಕಾರಣ ತಿಳಿದದ್ದು ಖಾನಾಪುರದಲ್ಲಿ. ಹೊಸ ಬಳೆಗಳ ಫೋಟೋ ತೆಗೆಯಲು ಹೋಗಿದ್ದೆ. ಕಾಕಾ ಗಿರಾಕಿ ಜೊತೆ ಇದ್ದರು. ಅವರ ಹೆಂಡತಿ ನೀಲವ್ವ ಕಾಕು ಒಳಗೆ ಅವಲಕ್ಕಿ ಕೊಡುತ್ತ ಮೆಲ್ಲಗೆ ಕೇಳಿದರು, "ಬಂತೇನವಾ, ನಮ್ಮ ಗಂಗೀ ಕೈ?"

ಗಂಗಿ ಅವರ ಒಬ್ಬಳೇ ಮಗಳು. ಮೂರನೇ ಇಯತ್ತೆಯಲ್ಲಿದ್ದಾಗ, ಸಾಲಿ ಸೂಟಿ ಅಂತ ಅಪ್ಪನ ಜೊತೆ ಹಲಸಿ ಅನ್ನುವ ಊರಿಗೆ ಹೋಗಿದ್ದಳು. ಒಂದು ಮದುವೆ ಮನೆ. ಅಲ್ಲಿಯತನಕ ಕಾಕಾ ಮಗಳ ಕೈ ಹಿಡಿದೇ ಇದ್ದರಂತೆ. ಮದುಮಗಳಿಗೆ ಬಳೆ ಇಡಬೇಕಲ್ಲ, ಬಿಟ್ಟರು. ಮದುಮಗಳ ಎರಡೂ ಕೈ ತುಂಬಿಸಿ ಕಣ್ಣು ಬಿಟ್ಟಾಗ ಬಾಜೂಕ ಗಂಗಿ ಇರಲಿಲ್ಲ. ಹಳೇ ಗುಡಿಗಳು, ಬಾವಿ, ಕಾಡು ಎಲ್ಲ ಹುಡುಕಿದರು. ಒಂದು ರಿಬ್ಬನ್ ಕೂಡ ಸಿಗಲಿಲ್ಲ. ಅದಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು.

"ಅವ್ರಪ್ಪಂದ ಬೆರಳು ಅಕಿಗೆ ಬಂದಿತ್ತು," ಅಂದರು ಕಾಕು. "ಮತ್ತ ಇಲ್ಲೆ ಅಂಗೈ ಮ್ಯಾಲ ಒಡದ ಬಳಿ ಚುಚ್ಚಿ ಒಂದು ಗೆರಿ. ಮಾರಿ ಮರತೀನಿ ಅಂತಾರ ಇವ್ರು. ಕೈ ಮರತಿಲ್ಲ."

ಆಮೇಲೆ ಆ ವೆಬ್‌ಸೈಟನ್ನು ನಾನು ಮೊದಲಿನ ಹಾಗೆ ನೋಡಲಾಗಲಿಲ್ಲ. ನಾನು ಅಂಗಡಿ ಕಟ್ಟುತ್ತಿದ್ದೆ, ಕಾಕಾ ಅದರ ಬಾಗಿಲಲ್ಲಿ ಮಗಳನ್ನು ಕಾಯುತ್ತಿದ್ದರು.

ಮರುವರ್ಷ, ಒಂದು ಮಧ್ಯಾಹ್ನ. ಕಾಕಾ ಬಾಜು ಕುಂತು ಬಶಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದರು. ಒಂದು ಮೇಲ್ ಬಂತು. ಆಗಿನ ಇಂಟರ್‌ನೆಟ್ ನೆನಪಿದ್ದವರಿಗೆ ಗೊತ್ತು, ಚಿತ್ರ ಒಮ್ಮೆಲೇ ಬರುತ್ತಿರಲಿಲ್ಲ, ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಕಪ್ಪು. ಆಮೇಲೆ ಬೆರಳ ತುದಿಗಳು. ಸಣ್ಣವು. ಮಗುವಿನವು. ಕಿರುಬೆರಳು ಇಳಿಯುತ್ತ ಇಳಿಯುತ್ತ ಒಳಕ್ಕೆ ಬಾಗಿತು. ಬಶಿ ನೆಲಕ್ಕೆ ಬಿದ್ದ ಸಪ್ಪಳ ಕೇಳಿತು, ನಾನು ತಿರುಗಲಿಲ್ಲ. ಅಂಗೈ ಬಂತು. ಅದರ ಮೇಲೆ ಅಡ್ಡಕ್ಕೊಂದು ಬಿಳಿ ಗೆರೆ.

"ಹೆಸರ ಓದು," ಅಂದರು ಕಾಕಾ.

"ಹೆಸರಿಲ್ರಿ."

"ಊರು?"

"ಊರೂ ಇಲ್ರಿ. ಕೈ ಇಟ್ಟು ಹೋಗಿಬಿಟ್ಟಾರ. ಅದನ್ನೆಲ್ಲಾ ಕಡೀಕ ಹಾಕು ಅಂತ ನೀವ ಹೇಳಿದ್ರಲ್ರೀ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾಕಾ ಬಗ್ಗಿ ಬಿದ್ದ ಬಶಿ ಎತ್ತಿಟ್ಟರು. "ಮೊದ್ಲ ಕೇಳಿದ್ರ ಅಂಜಿ ಕೈನೂ ಇಡತಿರಲಿಲ್ಲ ಬಿಡು," ಅಂದರು.

ನಾನು ಬುದ್ಧಿವಂತಿಕೆಯ ಮಾತಾಡಿದೆ. "ಕಾಕಾ, ಗಂಗಕ್ಕ ಇದ್ದಿದ್ರ ಈಗ ನನಗಿಂತ ದೊಡ್ಡಾಕಿ. ಇದು ಅಕಿ ಮಗಳ ಕೈ ಇರಬಹುದ್ರಿ. ಅಂದ್ರ ಅಕಿ ಎಲ್ಲೋ ಆರಾಮ ಅದಾಳ."

"ಗೆರಿ?"

"ಸ್ಕ್ಯಾನರಿನ ಗಾಜಿನ ಮ್ಯಾಲ ಗೀರು ಬಿದ್ದಿರತಾವ್ರಿ."

ಅವರು ಪರದೆಯ ಮೇಲೆ ಅಂಗೈ ಇಟ್ಟರು. ಅವರ ಕೈಯ ಕೆಳಗೆ ಆ ಸಣ್ಣ ಕೈ ಪೂರ್ತಿ ಮುಚ್ಚಿಹೋಯಿತು. ಈ ಸಲ ಸಡ್ಲ ಬಿಡು ಅನ್ನಲಿಲ್ಲ.

ಮುಂದಿನ ವಾರ ಬಂದವರು ಕುಂತ ಕೂಡಲೇ ಶುರು ಮಾಡಿದರು. "ಅಕ್ಷರ ದೊಡ್ಡವು ಮಾಡು. ಕನ್ನಡದಾಗ ಬರಿ, ಅಕಿಗೆ ಇಂಗ್ಲಿಷ್ ಬರೂದಿಲ್ಲ. ಮೂರನೇ ಇಯತ್ತೆ ಹುಡುಗಿ ಓದೂವಂಗ ಇರಬೇಕು. ಆ ಓಡೂ ಅಕ್ಷರ ತಗಿ, ಓದೂದ್ರಾಗ ಓಡಿ ಹೋಗತಾವು. ಆ ಕೀಂ ಕೀಂ ಬಂದ್ ಮಾಡು, ಅಂಜತಾಳ."

ಬರೂದಿಲ್ಲ, ಅಂಜತಾಳ. ಇಪ್ಪತ್ತು ವರ್ಷದ ಹಿಂದಿನ ಮಗುವಿನ ಬಗ್ಗೆ ಅವರು ಹೀಗೆ ಮಾತಾಡುತ್ತಿದ್ದರೆ ನಾನು ಎದುರಾಡದೆ ಟೈಪ್ ಮಾಡುತ್ತಿದ್ದೆ.

"ವಿಳಾಸ ಕೇಳಬ್ಯಾಡ," ಅಂದರು ಕೊನೆಗೆ. "ಸಣ್ಣ ಹುಡುಗಿಗೆ ಪಿನ್ ಕೋಡ್ ಎಲ್ಲಿ ಗೊತ್ತಿರತೈತಿ? ಬಾಜೂಕ ಏನ್ ಕಾಣಸ್ತೈತಿ ಅಂತ ಕೇಳು. ಗುಡಿ ಅಂದ್ರ ಗುಡಿ, ಗಿಡ ಅಂದ್ರ ಗಿಡ. ನಾ ಹುಡುಕ್ಕೊಂಡು ಹೋಗತೀನಿ."

ದೊಡ್ಡವರಿಗೆ ವಿಳಾಸದ ಪೆಟ್ಟಿಗೆ ಬೇರೆ ಇಟ್ಟು, ಕೈಯ ಚಿತ್ರದ ಕೆಳಗೇ ಆ ಪ್ರಶ್ನೆ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಆ ಅಂಗಡಿ ಓಡಿದ್ದೇ ಆಮೇಲೆ. ಇಂಗ್ಲಿಷ್ ಬಾರದ ಹೆಂಗಸರು, ಮೌಸ್ ಹಿಡಿಯಲು ಹೆದರುವ ಅಜ್ಜಿಯರು ಎಲ್ಲರೂ ಸಲೀಸಾಗಿ ಬಳೆ ತರಿಸಿಕೊಂಡರು. "ಬಾಜೂಕ ಬೇವಿನ ಗಿಡ ಐತಿ", "ಬಾಜೂಕ ಹಿಟ್ಟಿನ ಗಿರಣಿ" ಅಂತ ಬರೆಯುತ್ತಿದ್ದರು. ಅದಾದ ಮೇಲೆ ನಾನು ಎಷ್ಟೋ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿದೆ, ಅಷ್ಟು ಸರಳವಾಗಿ ಮತ್ತೊಂದು ಮಾಡಲು ಬರಲಿಲ್ಲ. ಅದನ್ನು ಮಾಡಿದ್ದು ಕಾಣೆಯಾದ ಒಂದು ಮಗುವಿಗೆ.

ಆ ಕೈ ಮಾತ್ರ ವರ್ಷಗಟ್ಟಲೆ ಮತ್ತೆ ಬರಲಿಲ್ಲ. ಕಾಕಾ ಅದರ ಅಳತೆಗೆ ಹಸಿರು ಗಾಜಿನ ಬಳೆ ಹುಡುಕಿ ತಂದು, ಅಂಗಡಿಯ ಮೊಳೆಗೆ ತೂಗುಹಾಕಿದರು. ಯಾರು ಕೇಳಿದರೂ ಮಾರಲಿಲ್ಲ. ಕೊನೆಯ ಸಲ ನಾನು ಖಾನಾಪುರಕ್ಕೆ ಹೋದಾಗ ಹಾಸಿಗೆ ಹಿಡಿದಿದ್ದರು. ಕೈ ಚಾಚಿದೆ. ಒತ್ತಿ ನೋಡಿದರು. ಗುರುತು ಹತ್ತಲಿಲ್ಲ. "ಗಂಗೀನ?" ಅಂದರು. ನಾನು ಕೈಯನ್ನು ಹಾಗೇ ಅವರ ಕೈಯಲ್ಲಿ ಇಟ್ಟುಕೊಂಡಿದ್ದೆ. ಅವರೇ ಬಿಟ್ಟರು. "ಅಲ್ಲ. ಇದು ದೊಡ್ಡ ಕೈ."

ಕಾಕಾ ಹೋದರು. ಅವರನ್ನು ಕೂರಿಸಿ ಮಣ್ಣು ಮಾಡುವ ಮುಂಚೆ ನೀಲವ್ವ ಕಾಕು ಆ ಸಣ್ಣ ಬಳೆಗಳನ್ನು ಅವರ ಅಂಗಿಯ ಜೇಬಿಗೆ ಹಾಕಿದರು. ಕೆಲವು ದಿನ ಬಿಟ್ಟು ನನಗೆ ಫೋನ್ ಮಾಡಿದರು. "ಇನ್ನ ಬಂದ್ ಮಾಡವಾ ಅದನ್ನ. ಹುಡುಕೂವ್ರ ಹ್ವಾದ್ರು."

ಬಂದ್ ಮಾಡಲೆಂದೇ ಕುಂತೆ. ಅದಕ್ಕೂ ಮೊದಲು ಬಾಕಿ ಆರ್ಡರ್ ಇದ್ದರೆ ನೋಡೋಣ ಅಂತ ಮೇಲ್ ತೆಗೆದೆ. ಒಂದೇ ಇತ್ತು. ಚಿತ್ರ ಮೇಲಿನಿಂದ ಇಳಿಯಿತು. ಬೆರಳ ತುದಿಗಳು, ಒಳಕ್ಕೆ ಬಾಗಿದ ಕಿರುಬೆರಳು, ಅಂಗೈ, ಅಡ್ಡ ಗೆರೆ. ಹಿಂದಿನಷ್ಟೇ ಸಣ್ಣ ಕೈ. ಹೆಸರಿಲ್ಲ.

ಯಾವುದೋ ಊರಿನ ಮಗು, ಯಾವುದೋ ಕೆಫೆ, ಪಕ್ಕದಲ್ಲಿ ಅದರ ತಂದೆ ಅದರ ಕೈಯನ್ನು ಗಾಜಿಗೆ ಒತ್ತಿ ಹಿಡಿದಿರಬೇಕು. ಇಷ್ಟು ವರ್ಷ ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ನೀವೂ ಹಾಗೇ ಅಂದುಕೊಳ್ಳಿ. ನೀಲವ್ವ ಕಾಕುಗೆ ನಾನು ಹೇಳಲಿಲ್ಲ. ಆ ದಿನ ಅಂಗಡಿ ಮುಚ್ಚಲೂ ಇಲ್ಲ.

ಯಾಕೆಂದರೆ ಈ ಸಲ ಕೈ ಇಟ್ಟವಳು ಕೆಳಗಿನ ಪ್ರಶ್ನೆಗೆ ಉತ್ತರ ಬರೆದಿದ್ದಳು. ಬಾಜೂಕ ಏನ್ ಕಾಣಸ್ತೈತಿ?

"ಅಪ್ಪಾ ಕುಂತಾನ. ಕೈ ಹಿಡದಾನ."